ದೋಣಿಯ ಅಡಿಗೆ ಅಡಕೆಯ ಮದ್ದು

“ಮಾವ ದೋಣಿಯ ಅಡಿಗೆ ಅಡಕೆಯ ಮದ್ದು ಬಳಿದರು; ದೋಣಿ ಮುಳುಗಿತು; ಸರೋಜಿನಿಗೆ ಬಂದ ಸಂಬಂಧ ತಪ್ಪಿತು.” ಕಡಬದಿಂದ ಈಶ್ವರಮಂಗಲದವರೆಗೆ ಹರಡಿರುವ ನಮ್ಮ ನೆಂಟರಲ್ಲಿ ಯಾರ ಮನೆಯ ಪಂಕ್ತಿಯಲ್ಲಿ ಕುಳಿತರೂ ಪಾಯಸಕ್ಕಿಂತ ಮೊದಲು ಈ ಕತೆ ಬರುತ್ತದೆ. ಆ ಮಾವ ನಾನೇ. ಶಾಲೆ ಬಿಟ್ಟ ಮೇಲೆ ಓದು ಕಲಿತವನಾದ್ದರಿಂದ, ಯಾರು ಏನು ಹೇಳಿದರೂ ಒಮ್ಮೆ ತಿರುಗಿಸಿ ನೋಡದೆ ನಂಬುವ ಅಭ್ಯಾಸ ನನಗಿಲ್ಲ. ಈ ಕತೆಯ ಮೊದಲ ಮಾತು ನಿಜ. ಎರಡನೆಯದು ಅರ್ಧ ನಿಜ. ಮೂರನೆಯದನ್ನು ಮಾತ್ರ ಇಷ್ಟು ವರ್ಷ ನುಂಗಿಕೊಂಡು ಬಂದಿದ್ದೇನೆ. ಸೊಸೆಯ ಮದುವೆ ನಡೆಸಬೇಕಾದ ಸೋದರಮಾವನೇ ಅದಕ್ಕೆ ಅಡ್ಡ ಬಂದ ಎಂಬ ಹೆಸರು ನಮ್ಮ ಕಡೆ ಸಣ್ಣದಲ್ಲ.

ಎಪ್ಪತ್ತರ ದಶಕದಲ್ಲಿ ನಮ್ಮ ಮನೆಗೆ ರಸ್ತೆ ಇರಲಿಲ್ಲ, ಕುಮಾರಧಾರೆ ಇತ್ತು. ಬಸ್ಸು ನಿಲ್ಲುವುದು ಆಚೆ ದಡದಲ್ಲಿ, ಪೆರಾಬೆಯ ಕಡೆ. ಅಕ್ಕ, ಅವಳ ಮಗಳು ಸರೋಜಿನಿ ಮತ್ತು ನಾನು ಇರುವುದು ಈಚೆ ದಡದಲ್ಲಿ. ನಡುವೆ ಬೇಸಿಗೆಯಲ್ಲಿಯೂ ಆಳು ಮುಳುಗುವಷ್ಟು ನೀರು. ಆದ್ದರಿಂದ ಮನೆಗೊಂದು ದೋಣಿ, ದೋಣಿಗೊಬ್ಬ ಐತಪ್ಪ. ಹೊಳೆ ಇಳಿದ ಮೇಲೆ ಪ್ರತಿ ವರ್ಷ ಐತಪ್ಪ ದೋಣಿಯನ್ನು ಮರಳಿಗೆ ಎಳೆದು ಮಗುಚಿ, ಅಡಿಯಲ್ಲಿ ಬೆಳೆದ ಪಾಚಿಯನ್ನು ಕೆರೆದು ತೆಗೆದು, ಬಿರುಕುಗಳಿಗೆ ತೆಂಗಿನ ನಾರು ತುರುಕಿ, ಮೇಲೆ ಗೇರುಸಿಪ್ಪೆಯ ಎಣ್ಣೆ ಬಳಿಯುತ್ತಿದ್ದ. ಗೇರೆಣ್ಣೆ ಮರವನ್ನು ಉಳಿಸುತ್ತದೆ, ಬಳಿದವನ ಚರ್ಮವನ್ನು ಉಳಿಸುವುದಿಲ್ಲ. ಹಬ್ಬದ ದಿನಗಳಲ್ಲಿ ನಾವಿಬ್ಬರೂ ಕೈಯ ತುಂಬ ಬೊಕ್ಕೆಗಳನ್ನಿಟ್ಟುಕೊಂಡು ಓಡಾಡುತ್ತಿದ್ದೆವು. ಇಷ್ಟೆಲ್ಲ ಆದರೂ ಮುಂದಿನ ವರ್ಷಕ್ಕೆ ಪಾಚಿ ತಪ್ಪದೆ ಹಾಜರಾಗುತ್ತಿತ್ತು. “ಹೊಳೆ ಅದರ ಅಂಗಿ ಹಾಕುದು ಧಣಿ, ನೀವು ಬೇಡ ಹೇಳಿದರೆ ಕೇಳ್ತದಾ?” ಎಂಬುದು ಐತಪ್ಪನ ಸಿದ್ಧಾಂತ. ನನಗೆ ಈ ವಿವರಣೆ ಸಾಕಾಗಲಿಲ್ಲ.

ಆ ವರ್ಷ ಮಂಗಳೂರಿನ ಬಂದರಿಗೆ ಹೋಗಿದ್ದಾಗ ಮಂಜಿ ಎಂಬ ಹಾಯಿಹಡಗೊಂದನ್ನು ದಡಕ್ಕೇರಿಸಿ ಅಡಿಗೆ ಕೆಂಪು ಬಣ್ಣ ಬಳಿಯುತ್ತಿರುವುದನ್ನು ಕಂಡೆ. ಬಣ್ಣದಲ್ಲಿ ತಾಮ್ರ ಉಂಟೆಂದೂ, ತಾಮ್ರವಿದ್ದಲ್ಲಿ ಚಿಪ್ಪುಹುಳಗಳಾಗಲಿ ಪಾಚಿಯಾಗಲಿ ಹತ್ತುವುದಿಲ್ಲವೆಂದೂ ಬಳಿಯುತ್ತಿದ್ದವನು ಹೇಳಿದ. ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಶಾಸ್ತ್ರ ಪೂರ್ಣವಾಗಿತ್ತು. ತಾಮ್ರಕ್ಕಾಗಿ ಬಂದರಿಗೇಕೆ ಹೋಗಬೇಕು? ಅಡಕೆಯ ಕೊಳೆರೋಗಕ್ಕೆ ನಾವು ಸಿಂಪಡಿಸುವ ಮದ್ದಿನ ಜೀವವೇ ಮೈಲುತುತ್ತು. ಮೈಲುತುತ್ತಿನ ಜೀವ ತಾಮ್ರ. ಕೊಳೆಯೂ ಒದ್ದೆಯಲ್ಲಿ ಬೆಳೆಯುವುದು, ಪಾಚಿಯೂ ಒದ್ದೆಯಲ್ಲಿ ಬೆಳೆಯುವುದು. ಅಡಕೆಗೊನೆಗೆ ಆಗುವ ಮದ್ದು ದೋಣಿಗೇಕೆ ಆಗಬಾರದು? ಮೈಲುತುತ್ತು ಮತ್ತು ಸುಣ್ಣ ಕಲಸಿದೆ. ಅಂಟಿಗೆ ರಾಳ ಸೇರಿಸಿದೆ. ದೋಣಿಯ ಅಡಿ ನವಿಲಿನ ಕುತ್ತಿಗೆಯಂತೆ ನೀಲಿಯಾಯಿತು.

“ಎಂತ ಧಣಿ, ದೋಣಿಗೆ ಮದ್ದು ಬಿಟ್ಟದ್ದಾ? ಈ ವರ್ಷ ಗೊನೆ ಎಷ್ಟು ಬರಬಹುದು?” ಎಂದು ಐತಪ್ಪ ಕೇಳಿದ. ಅಕ್ಕ ಅಷ್ಟು ಮೃದುವಾಗಿರಲಿಲ್ಲ. “ಬರುವ ಸೋಮವಾರ ಸರೋಜಿನಿಯನ್ನು ನೋಡಲಿಕ್ಕೆ ಜನ ಬರ್ತಾರೆ. ಇದೊಂದು ಸಂಬಂಧ ಕೂಡಿ ಬಂದರೆ ನನಗೆ ನಿದ್ರೆ ಬರ್ತದೆ. ಅಷ್ಟರಲ್ಲಿ ನಿನ್ನ ಆಟ ಮುಗಿಸಿ ದೋಣಿಯನ್ನು ನೀರಿಗೆ ಇಳಿಸು ಮಾರಾಯ!” ಎಂದಳು.

ಇಲ್ಲಿ ಎರಡನೆಯ ಮಾತಿನ ವಿಷಯ ಹೇಳಬೇಕು. ಬಿಸಿಲಿನಲ್ಲಿ ಒಣಗಿದ ಮರದ ದೋಣಿಯನ್ನು ಯಾರೂ ಹಾಗೆಯೇ ಓಡಿಸುವುದಿಲ್ಲ. ಹಲಗೆಗಳ ಸಂದಿನಿಂದ ನೀರು ನುಗ್ಗುತ್ತದೆ. ಒಳಗೆ ಕಲ್ಲು ಹೇರಿ ಕೆಲವು ದಿನ ದಡದ ಬಳಿ ಮುಳುಗಿಸಿಡುತ್ತೇವೆ. ಮರ ನೀರು ಕುಡಿದು ಉಬ್ಬಿ ಸಂದುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಆಮೇಲೆ ಕಲ್ಲು ತೆಗೆದರೆ ದೋಣಿ ಏಳುತ್ತದೆ. ಹೊಳೆಬದಿಯವರಿಗೆಲ್ಲ ಗೊತ್ತಿರುವ ಸಂಗತಿ. ನಾವೂ ಹಾಗೆಯೇ ಮುಳುಗಿಸಿದೆವು. ಹುಡುಗನ ಕಡೆಯವರು ಗುತ್ತಿಗಾರಿನ ಗುಡ್ಡದವರಾದ್ದರಿಂದ ಅವರಿಗೆ ಇದು ಗೊತ್ತಿರಲಿಲ್ಲ, ಅಷ್ಟೆ.

ಸೋಮವಾರ ಬೆಳಿಗ್ಗೆ ಐತಪ್ಪನೂ ನಾನೂ ಎದೆಮಟ್ಟದ ನೀರಿಗಿಳಿದು ಕಲ್ಲು ತೆಗೆದೆವು. ತೆಗೆದಷ್ಟೂ ಕಲ್ಲು. “ನಾವು ಇಷ್ಟು ಹಾಕಲಿಲ್ಲ ಧಣಿ. ನಿಮ್ಮ ಮದ್ದಿಗೆ ಕಲ್ಲು ಮರಿ ಹಾಕಿದೆ,” ಎಂದ ಐತಪ್ಪ. ದೋಣಿ ಮಿಸುಕಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಆಚೆ ದಡದಲ್ಲಿ ಬಿಳಿಯ ಪಂಚೆಗಳ ಸಾಲು ಕಾಣಿಸಿತು.

“ಎಂತ ಮಾರಾಯ್ರೆ, ದೋಣಿ ಮುಳುಗಿದ್ದಾ?” ಎಂದು ಹುಡುಗನ ದೊಡ್ಡಪ್ಪ ಕೂಗಿ ಕೇಳಿದರು.

“ಇಲ್ಲ, ನಾವೇ ಮುಳುಗಿಸಿದ್ದು! ಸ್ವಲ್ಪ ಕೂತುಕೊಳ್ಳಿ, ಈಗ ಏಳ್ತದೆ!” ಎಂದು ನಾನು ಸತ್ಯವನ್ನೇ ಕೂಗಿ ಹೇಳಿದೆ.

ನೆಂಟರು ಬರುವ ದಿನ ನೋಡಿ ದೋಣಿ ಮುಳುಗಿಸುವ ಮನೆಯ ಬಗ್ಗೆ ಅವರು ತಮ್ಮೊಳಗೆ ಬಹಳ ಹೊತ್ತು ಮಾತಾಡಿದರು. ಆಮೇಲೆ ಎದ್ದು ಬಸ್ಸು ನಿಲ್ಲುವಲ್ಲಿಗೆ ನಡೆದರು. ಅಕ್ಕ ಅಂಗಳದಿಂದ ಎಲ್ಲವನ್ನೂ ನೋಡಿದಳು. ಮಳೆಗಾಲ ಹಿಡಿಯುವವರೆಗೆ ಅವಳು ನನ್ನೊಡನೆ ಮಾತಾಡಲಿಲ್ಲ. ಅನ್ನ ಬಡಿಸುತ್ತಿದ್ದಳು, ಬೇಕೋ ಎಂದು ಕೇಳುತ್ತಿರಲಿಲ್ಲ.

ಅವರು ಹೋದ ಮೇಲೆ ನಾನೊಬ್ಬನೇ ಮತ್ತೆ ನೀರಿಗಿಳಿದೆ. ಐತಪ್ಪನಿಗೆ ನಗುವ ಕೆಲಸವಿತ್ತು. ದೋಣಿಯ ಮೂತಿಯ ಕಡೆ ಕಾಲಿಗೆ ನುಣ್ಣನೆಯದೊಂದು ತಗುಲಿತು. ಎತ್ತಿದರೆ ನಮ್ಮ ಅಡುಗೆಮನೆಯ ಕಡೆಯುವ ಕಲ್ಲಿನ ಗುಂಡು! ಹೊಳೆಯಲ್ಲಿ ಕಲ್ಲು ಹುಟ್ಟಬಹುದು, ತೆಂಗಿನಕಾಯಿ ಅರೆಯುವ ಗುಂಡು ಹುಟ್ಟುವುದಿಲ್ಲ. ತಲೆ ಎತ್ತಿದಾಗ ಸರೋಜಿನಿ ದಡದಲ್ಲಿ ನಿಂತಿದ್ದಳು. ಬಟ್ಟೆ ಒಗೆಯಲು ಮುಂಜಾವದಲ್ಲಿ ಹೊಳೆಗೆ ಬರುವವಳು ಮನೆಯಲ್ಲಿ ಅವಳೊಬ್ಬಳೇ ಎಂಬುದು ನನಗೆ ಆಗ ನೆನಪಾಯಿತು.

“ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿದೆ ಮಾವ. ಓದು ಸಾಕು ಅಂತ ಹುಡುಗನ ಕಡೆಯವರು ಮೊದಲೇ ಹೇಳಿ ಕಳಿಸಿದ್ದಾರೆ. ಅಮ್ಮನಿಗೆ ಹೇಳಿದರೆ ಕೇಳುದಿಲ್ಲ,” ಎಂದಳು. “ಗುಂಡಿನ ವಿಷಯ ಗೊತ್ತಾದರೆ ಅಮ್ಮ ನನ್ನನ್ನು ಕಾಲೇಜಿಗೆ ಬಿಡುದೇ ಇಲ್ಲ. ಮದ್ದಿನಿಂದ ಆದದ್ದು ಅಂತಾದರೆ ನಿಮ್ಮನ್ನು ನೋಡಿ ನಗುದು ಮಾತ್ರ ಅಲ್ವಾ? ಹೇಗೂ ನಗ್ತಾರೆ,” ಎಂದಳು.

ಈ ತರ್ಕದಲ್ಲಿ ದೋಷ ಹುಡುಕಿದೆ, ಸಿಗಲಿಲ್ಲ. ಗುಂಡನ್ನು ಒದ್ದೆ ಬಟ್ಟೆಯ ಬುಟ್ಟಿಯಲ್ಲಿ ಮುಚ್ಚಿ ಅವಳ ಕೈಗೆ ಕೊಟ್ಟೆ. ಸಂಬಂಧ ತಪ್ಪಿದ ಮೇಲೆ ಅಕ್ಕನೂ ಟ್ರೈನಿಂಗಿಗೆ ಒಪ್ಪಬೇಕಾಯಿತು. ಜೂನಿನಲ್ಲಿ ಅದೇ ನೀಲಿ ದೋಣಿಯಲ್ಲಿ ಅವಳ ಪೆಟ್ಟಿಗೆಯನ್ನು ದಾಟಿಸಿದೆ. ದೋಣಿಗೆ ಏನೂ ಆಗಲಿಲ್ಲ ಎಂಬುದನ್ನು ಮಾತ್ರ ಕತೆ ಹೇಳುವವರು ಹೇಳುವುದಿಲ್ಲ. ಜನರಿಗೆ ಕಾರಣ ಬೇಕಾದಾಗ ಎಲ್ಲಕ್ಕಿಂತ ಗಾಢವಾದ ಬಣ್ಣದ್ದನ್ನೇ ಹಿಡಿಯುತ್ತಾರೆ. ಆ ದಿನ ಹೊಳೆಯಲ್ಲಿ ನನ್ನ ನೀಲಿಗಿಂತ ಗಾಢವಾದದ್ದು ಬೇರೆ ಇರಲಿಲ್ಲ. ಮಳೆಗಾಲ ಕಳೆದು ದೋಣಿಯನ್ನು ಮಗುಚಿದಾಗ ನೀಲಿ ಎಲ್ಲೋ ತೊಳೆದುಹೋಗಿ ಪಾಚಿ ಎಂದಿನಂತೆ ಕುಳಿತಿತ್ತು. ಐತಪ್ಪ ಗೇರೆಣ್ಣೆಯ ಡಬ್ಬಿಯನ್ನು ನನ್ನ ಮುಂದಿಟ್ಟ.

ಈಗ ಅಕ್ಕ ಇಲ್ಲ. ಸರೋಜಿನಿ ಈಶ್ವರಮಂಗಲದಲ್ಲಿ ಟೀಚರು. ತಾನೇ ಒಪ್ಪಿದ ಇನ್ನೊಬ್ಬ ಮೇಷ್ಟರನ್ನು ಮದುವೆಯಾಗಿ ಅಲ್ಲಿಯೇ ಮನೆ ಮಾಡಿದ್ದಾಳೆ. ಪಂಕ್ತಿಯಲ್ಲಿ ಆ ಕತೆಯನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುವವಳೂ ಅವಳೇ. ನಿಜ ಬರೆಯಲೇ ಎಂದು ಕೇಳಿದ್ದಕ್ಕೆ, “ಬರೀರಿ ಮಾವ, ಯಾರೂ ನಂಬುದಿಲ್ಲ,” ಎಂದು ಧೈರ್ಯ ಕೊಟ್ಟಳು. ನಂಬದವರು ಅವಳ ಮನೆಗೇ ಹೋಗಿ ನೋಡಬಹುದು. ತಾಯಿಯ ಮನೆಯಿಂದ ಕೇಳಿ ತಂದ ಆ ಗುಂಡನ್ನು ಅವಳು ಕಾಲು ತೊಳೆಯುವ ನಳ್ಳಿಯ ಕೆಳಗೆ ಇರಿಸಿದ್ದಾಳೆ. ಉಳಿದ ಮದ್ದನ್ನು ನಾನು ದೋಣಿಯ ಒಳಗೂ ಬಳಿದಿದ್ದೆನಾದ್ದರಿಂದ ಗುಂಡಿನ ಒಂದು ಮಗ್ಗುಲಿಗೆ ನೀಲಿ ಹತ್ತಿದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲವಂತೆ. ಮೊನ್ನೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಸುತ್ತಲಿನ ನೆಲದಲ್ಲೆಲ್ಲ ಪಾಚಿ. ಕಲ್ಲಿನ ಉಳಿದ ಭಾಗದಲ್ಲಿಯೂ ಪಾಚಿ. ನೀಲಿಯ ಮೇಲೆ ಮಾತ್ರ ಒಂದು ಚುಕ್ಕೆ ಪಾಚಿಯೂ ಇಲ್ಲ. ನನ್ನ ಶಾಸ್ತ್ರದಲ್ಲಿ ತಪ್ಪೇನೂ ಇರಲಿಲ್ಲ. ದೋಣಿಯನ್ನು ಕಲ್ಲಿನಲ್ಲಿ ಮಾಡಿಸಬೇಕಾಗಿತ್ತು.