ಕಂಪ್ಯೂಟರಿಗೆ ಹಾಕಿದ ಕಾವಲು

ಚೌಕಾಶಿ ಮಾಡಿ ಕೊಂಡ ವಸ್ತುವನ್ನು ನಾನು ಇಂದಿಗೂ ಪೂರ್ತಿ ನಂಬಿದವನಲ್ಲ. ಕೇಳಿದ ಬೆಲೆಗೆ ಅಂಗಡಿಯವ ಒಪ್ಪಿದನೆಂದರೆ ಎಲ್ಲೋ ಹುಳುಕಿದೆ ಎಂದೇ ನನ್ನ ತರ್ಕ. ಹೊನ್ನಾವರದ ನನ್ನ ಪುಟ್ಟ ಮುದ್ರಣದಂಗಡಿ ಮೇಲೆದ್ದದ್ದೇ ಈ ಬುದ್ಧಿಯಿಂದ. ಭಟ್ಕಳದ ಇರ್ಫಾನನ ಅಂಗಡಿಯಲ್ಲಿ ಅರ್ಧ ದಿನ ಕೂತು, ಅವನದೇ ಎರಡು ಚಹಾ ಕುಡಿದು, ಹಳೆಯ ಕಂಪ್ಯೂಟರ್ ತಂದಾಗಲೂ ಖುಷಿಯ ಹಿಂದೆಯೇ ಸಂಶಯ ಬಂತು.

ಅದರ ಮುಂದೆ ಕೂರುವವಳು ಮಂಗಲಾ. ಒಂಬತ್ತು ವರ್ಷದಿಂದ ಊರಿನ ಮದುವೆ ಕರೆಯೋಲೆಗಳೆಲ್ಲ ಅವಳ ಕೈಯಿಂದಲೇ ಹೊರಡುತ್ತಿದ್ದವು. ಅಜ್ಜನ ಹೆಸರು ಬಿಟ್ಟುಹೋದರೆ ಮನೆಯವರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಮದುವೆಯ ಕೆಲಸ ಜೋರಾದ ಹೊತ್ತಿಗೆ ಯಂತ್ರ ತುಸು ನಿಧಾನವಾಯಿತು.

"ಎಂತ ನೋಡ್ತಾ ಕೂತೀಯೆ ಅದ್ರಲ್ಲಿ?" ಎಂದೆ.

"ಕಾರ್ಡು, ಮತ್ತೆಂತ? ಮೆಮೊರಿ ಸಾಕಾಗೂದಿಲ್ಲ ಮಾರಾಯ್ರೆ. ಅದ್ರಲ್ಲೂ ಚೌಕಾಶಿ ಮಾಡಿ ಅರ್ಧವೇ ತಂದೀರಿ."

ನಿಜವೇ. ಆದರೆ ನಿಜ ಹೇಳುವವರ ಮೇಲೆ ನನಗೆ ಇನ್ನೂ ಹೆಚ್ಚು ಸಂಶಯ. ಯಾವ ಕೆಲಸ ಎಷ್ಟು ಮೆಮೊರಿ ತಿನ್ನುತ್ತದೆಂದು ಸೆಕೆಂಡಿಗೊಮ್ಮೆ ನೋಡಿ ಬರೆದಿಡುವ ಆಜ್ಞೆಯೊಂದನ್ನು ಮೊಬೈಲ್ ನೋಡಿ ಕಲಿತು ಹಾಕಿದೆ. ದಿನಕ್ಕೊಂದು ಹೊಸದು. ಹಳೆಯದನ್ನು ನಿಲ್ಲಿಸಬೇಕೆಂದು ಯಾರು ಕಂಡರು? ಮತ್ತೆ ಏಳಲು ತಡವಾಗುತ್ತದೆಂದು ಯಂತ್ರವನ್ನು ಆರಿಸುತ್ತಲೂ ಇರಲಿಲ್ಲ. ಅದು ಇನ್ನಷ್ಟು ತೆವಳತೊಡಗಿತು. ಗಿರಾಕಿಗಳ ಎದುರೇ ಅವಳಿಗೆ ಅಂದುಬಿಟ್ಟೆ: "ಕದ್ದು ಸಿನಿಮಾ ನೋಡೋರಿಗೆ ಇಲ್ಲಿ ಜಾಗ ಇಲ್ಲ."

ಮಂಗಲಾ ಅಂಗಡಿಯ ಕೀಲಿಕೈಯನ್ನು ಮೊಳೆಗೆ ತೂಗುಹಾಕಿದಳು. "ಆತು. ಇನ್ನು ನೀವೇ ನೋಡ್ಕೊಳ್ಳಿ." ಮರುದಿನದಿಂದ ಕುಮಟಾದ ಬೇರೊಂದು ಅಂಗಡಿಗೆ ಹೋಗತೊಡಗಿದಳು.

ಅವಳು ಹೋದ ಮೇಲೂ ಯಂತ್ರ ತೆವಳುತ್ತಲೇ ಇತ್ತು. ಕರೆಸಿದಾಗ ಇರ್ಫಾನ್ ಬಂದು ನೋಡಿ ನಕ್ಕ. "ಎಂತ ಸೇಠ್, ಹದಿನೇಳು ಕಾವಲುಗಾರರನ್ನ ಒಳಗೆ ಕೂರ್ಸೀರಿ! ಕೆಲ್ಸ ಮಾಡೋರಿಗೆ ಜಾಗ ಎಲ್ಲುಂಟು?"

"ಬರೀ ನೋಡೂದಕ್ಕೂ ಮೆಮೊರಿ ಬೇಕನಾ?"

"ಒಮ್ಮೆ ಕೇಳಿ ಬಿಟ್ರೆ ಅಲ್ಲಿಗೇ ಮುಗೀತು. ಸೆಕೆಂಡಿಗೊಮ್ಮೆ ಕೇಳ್ತಾನೇ ಇದ್ರೆ ಅದೂ ತಿಂತದೆ. ನೀವು ಮನೆಗೆ ಹೋದ್ಮೇಲೂ ತಿಂತದೆ."

ಆ ಕಾವಲುಗಳು ಬರೆದಿಟ್ಟದ್ದನ್ನೂ ತೆರೆದು ತೋರಿಸಿದ. ಮಂಗಲಾ ಮಾಡಿದ್ದು ಕಾರ್ಡಿನ ಕೆಲಸವೊಂದೇ. ಉಳಿದ ಸಾಲುಗಳೆಲ್ಲ ನನ್ನವು.

ಅವಳಿಗೆ ಫೋನ್ ಮಾಡಿ ತಪ್ಪಾಯಿತೆಂದೆ, ಬಾ ಎಂದೆ. ಜೀವನದಲ್ಲಿ ಮೊದಲ ಸಲ ಚೌಕಾಶಿ ಮಾಡಲಿಲ್ಲ. "ವಿಚಾರ ಮಾಡಿ ನಾನೇ ಹೇಳ್ತೆ" ಎಂದಳು.

ಆದ್ದರಿಂದ ನಿಮಗೆ ನನ್ನ ಸಲಹೆ: ಯಂತ್ರವಾಗಲಿ ಮನುಷ್ಯರಾಗಲಿ, ಒಮ್ಮೆ ಕೇಳಿ, ಆಮೇಲೆ ಅವರ ಪಾಡಿಗೆ ಬಿಡಿ. ಇದನ್ನು ಬರೆಯಲು ಕೂತಾಗಿನಿಂದ ಅವಳ ಫೋನ್ ಹತ್ತುತ್ತಿಲ್ಲ. ಐದು ಸಲ ಮಾಡಿ ನೋಡಿದೆ.