ಮೂರು ನಿಮಿಷದ ಆಟಕ್ಕೆ ಕಂಡಕ್ಟರ್ ಗುರು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಕುಷ್ಟಗಿಯಲ್ಲಿ ಹೊಲ ಅಳೆಯುವ ಸರ್ವೇಯರ್. ವರದಿ ಬಿಟ್ಟು ಬೇರೇನೂ ಬರೆದವನಲ್ಲ, ಹಾಗಾಗಿ ನಗುವ ಜಾಗದಲ್ಲಿ ವಿವರಣೆ ಕೊಟ್ಟುಬಿಡುತ್ತೇನೆ. ಆದರೆ ಮೊಬೈಲಿನಲ್ಲಿ ಚದುರಂಗ ಶುರು ಮಾಡಿದ ಮೇಲೆ ಇಂಥ ಫಜೀತಿಗಳು ವಾರಕ್ಕೊಂದು ನಡೆಯುತ್ತಲೇ ಇವೆ. ಯಾರಾದರೂ ಬರೆದಿಡಬೇಕಲ್ಲ.

ವಿಷಯ ಇಷ್ಟೇ. ಗಂಗಾವತಿಯವರ ಮೇಲೆ ಆಡಲು ನಮ್ಮ ಚದುರಂಗ ಕ್ಲಬ್ಬಿನಿಂದ ನಾಲ್ಕು ಜನ ಹೋಗಬೇಕು. ಮೂರು ಜನ ಆಗಲೇ ಆಯ್ಕೆಯಾಗಿದ್ದರು. ನಾಲ್ಕನೇ ಕುರ್ಚಿ ಬೇಕಿದ್ದರೆ ನಾನು ಶನಿವಾರದೊಳಗೆ ಮೊಬೈಲಿನ ಆಟದಲ್ಲಿ ಹದಿನೈದು ನೂರು ಅಂಕ ದಾಟಬೇಕು. ಇಪ್ಪತ್ತು ವರ್ಷದಿಂದ ಕ್ಲಬ್ಬಿನಲ್ಲಿ ಕಾಯಿ ಜೋಡಿಸಿಕೊಡುತ್ತಾ ಬಂದವನು ನಾನು. ಒಮ್ಮೆಯೂ ಊರಿನ ಪರವಾಗಿ ಕೂತಿರಲಿಲ್ಲ.

೧. ಅಳತೆ

ಈ ಆಟದಲ್ಲಿ ಒಬ್ಬೊಬ್ಬರಿಗೆ ಮೂರೇ ನಿಮಿಷ. ಸಮಯ ಮುಗಿದರೆ ಗೆಲ್ಲುವ ಆಟವೂ ಸೋಲು. ಒಂದು ದಿನ ಎರಡು ಆನೆ ಹೆಚ್ಚಿದ್ದೂ ಹಾಗೇ ಸೋತೆ. ಪಕ್ಕದಲ್ಲಿದ್ದವರು ನಮ್ಮ ಕ್ಲಬ್ಬಿನ ನಿವೃತ್ತ ಬಸ್ ಕಂಡಕ್ಟರ್. ಯಲಬುರ್ಗಾ, ಕೊಪ್ಪಳದ ಬಸ್ಸುಗಳಲ್ಲೇ ಜೀವನ ಸವೆಸಿದವರು, ನಮ್ಮಲ್ಲಿ ಎಲ್ಲರಿಗಿಂತ ವೇಗದ ಆಟಗಾರ.

"ಸಾಹೇಬ್ರ, ನೀವು ಹೊಲ ಅಳಿಯಾಕ ಹತ್ತೀರೇನು, ಆಟ ಆಡಾಕ ಹತ್ತೀರೇನು?"

"ಎರಡ ಸಲ ಅಳಿಯೂದು ನಮ್ಮ ಇಲಾಖೆ ಪದ್ಧತಿರಿ."

"ನೀವು ಎರಡನೇ ಸಲ ಅಳಿಯೂದ್ರಾಗ ಹೊಲದ ಮಾಲಕನ ಬದಲಾಗ್ಯಾನ್ರಿ!"

೨. ಬಾಗಿಲು ಮೊದಲು

ಅಂದಿನಿಂದ ಅವರೇ ನನ್ನ ಗುರು. ಅವರ ಪಾಠ ಪುಸ್ತಕದಲ್ಲಿಲ್ಲ. "ಬಸ್ಸಿನ್ಯಾಗ ತೊಂಬತ್ತ ಮಂದಿ ಇರ್ತಾರ. ಮೊದ್ಲ ಬಾಗಿಲದಾಗ ಯಾರು ಜೋತು ಬಿದ್ದಾರ ನೋಡ್ಬೇಕ್ರಿ. ಟಿಕೆಟ್ ಆಮ್ಯಾಲ." ಅಂದರೆ, ನಮ್ಮ ಯಾವ ಕಾಯಿ ಬೀಳುವಂತಿದೆ ಎಂದು ಮೊದಲು ನೋಡಬೇಕು, ಎದುರಾಳಿಯ ಕಾಯಿಗೆ ಆಮೇಲೆ ಆಸೆಪಡಬೇಕು. ಅಪಾಯ ಕಂಡರೆ "ಹೋಲ್ಡಾನ್" ಅನ್ನಬೇಕು, ಇಲ್ಲದಿದ್ದರೆ "ರೈಟ್" ಅಂದು ನಡೆಸಬೇಕು.

ಅವರು ಅಷ್ಟು ವೇಗವಾಗಿ ಆಡಿದರೂ ಅವಸರ ಮಾಡಿದ್ದನ್ನು ನಾನು ನೋಡಿಲ್ಲ. ಸೋತರೆ ಮೊಬೈಲಿಗೇ, "ಛಲೋ ಆಡಿದ್ರಿ" ಎನ್ನುತ್ತಾರೆ.

"ಆ ಮನಷ್ಯಾಗ ಕೇಳಸಂಗಿಲ್ರಿ," ಅಂದೆ.

"ನನಗ ಕೇಳಸ್ತೈತಲ್ರಿ."

ನಾನೂ ಹೋಲ್ಡಾನ್, ರೈಟ್ ರೂಢಿ ಮಾಡಿಕೊಂಡೆ. ಅಂಕ ಏರತೊಡಗಿತು. ಆದರೆ ರೂಢಿ ಮನೆಗೂ ಬಂತು. ಊಟಕ್ಕೆ ಕೂತಾಗ ಹೆಂಡತಿ, "ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಅಂದಳು. ನಾನು ಗಾಬರಿಯಿಂದ, "ಹೋಲ್ಡಾನ್!" ಅಂದೆ.

ಅವಳು ರೊಟ್ಟಿ ಬುಟ್ಟಿ ಎತ್ತಿಕೊಂಡು, "ಇಳಿಯೋರು ಲಗೂ ಇಳೀರಿ, ಗಾಡಿ ತೊಳಿಯೂದೈತಿ," ಅಂದಳು.

೩. ನಡುದಾರಿಯಲ್ಲಿ ನಿಂತ ಬಸ್ಸು

ಶನಿವಾರ ಬಂತು. ಹದಿನೈದು ನೂರು ದಾಟಲು ಒಂದೇ ಗೆಲುವು ಬಾಕಿ. ಗುರುಗಳೂ ನಾನೂ ಕೊಪ್ಪಳದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ನಾನು ನನ್ನ ಮೊಬೈಲಿನಲ್ಲಿ, ಅವರು ಅವರದ್ದರಲ್ಲಿ, ಬೇರೆ ಬೇರೆ ಎದುರಾಳಿಗಳ ಜೊತೆ ಆಡುತ್ತಿದ್ದೆವು. ನನಗೆ ಯಾರೂ ಹೇಳಿಕೊಡಲಿಲ್ಲ, ಇದನ್ನು ದಯವಿಟ್ಟು ನಂಬಬೇಕು.

ನನಗೊಬ್ಬ ಪುಕ್ಕಟೆ ಸೈನಿಕ ಕಂಡ. ತೆಗೆದುಕೊಳ್ಳಲು ಬೆರಳು ಇಳಿಸುತ್ತಿದ್ದೆ. ಅಷ್ಟರಲ್ಲಿ ಗುರುಗಳು ತಮ್ಮ ಆಟ ನೋಡಿ ತಮಗೆ ತಾವೇ, "ಹೋಲ್ಡಾನ್!" ಎಂದು ಕೂಗಿದರು.

ನನ್ನ ಬೆರಳು ನಿಂತಿತು. ಬಸ್ಸೂ ನಿಂತಿತು. ಏಕೆಂದರೆ ಡ್ರೈವರ್ ಇವರ ಜೊತೆ ಬಹಳ ವರ್ಷ ಡ್ಯೂಟಿ ಮಾಡಿದವರು, ಆ ಧ್ವನಿ ಕಿವಿಗೆ ಬೀಳುವ ಮೊದಲೇ ಅವರ ಕಾಲು ಬ್ರೇಕಿನ ಮೇಲಿತ್ತು. ಮುಂದಿನ ಸೀಟಿನ ಅಜ್ಜಿಯ ಬದನೆಕಾಯಿ ಬುಟ್ಟಿ ಉರುಳಿತು.

ನಾನು ಬಾಗಿಲು ನೋಡಿದೆ. ಅಂದರೆ ಬಸ್ಸಿನದಲ್ಲ, ಆಟದ್ದು. ನನ್ನ ಮಂತ್ರಿಯ ಮೇಲೆ ಎದುರಾಳಿಯ ಒಂಟೆ ಕಣ್ಣಿಟ್ಟಿತ್ತು! ಸೈನಿಕನನ್ನು ಬಿಟ್ಟು ಮಂತ್ರಿಯನ್ನು ಒಳಗೆ ಸರಿಸಿದೆ. ಈಗ ಎದುರಾಳಿಯ ಸರದಿ, ಓಡುತ್ತಿದ್ದದ್ದು ಅವನ ಗಡಿಯಾರ. ಅದಕ್ಕೇ ಮುಂದಿನ ಮಾತುಕತೆಗೆ ಸಮಯವಿತ್ತು.

"ಯಾರ್ರಿ ಇಳಿಯೋರು?" ಡ್ರೈವರ್ ತಿರುಗಿದರು.

"ಯಾರೂ ಇಲ್ರಿ. ನನ್ನ ಮಂತ್ರಿ ಬಾಗಿಲದಾಗ ಜೋತು ಬಿದ್ದಿದ್ದ," ಎಂದು ಮೊಬೈಲ್ ತೋರಿಸಿದೆ.

"ಹತ್ತಿದನ?"

"ಹತ್ತಿದ್ರಿ."

"ಹಂಗಾರ ಆಟ ಮುಗಿಸೇ ಬಿಡ್ರಿ. ಗಾಡಿ ಅಳ್ಳಾಡಿದ್ರ ಮತ್ತ ಬಿದ್ದಾನು."

"ಲಗೂನ ಆಡೋ ಯಪ್ಪಾ," ಅಂದಳು ಅಜ್ಜಿ ಸೀಟಿನ ಕೆಳಗಿನಿಂದ, "ಅಷ್ಟರಾಗ ನಾ ಬದನಿಕಾಯಿ ಆರಿಸ್ಕೋತೀನಿ."

ಇಡೀ ಬಸ್ಸು ನನ್ನ ಬೆನ್ನ ಹಿಂದೆ ಉಸಿರು ಹಿಡಿದು ನಿಂತಿತು. ಎದುರಾಳಿ ತನ್ನ ಕಾಯಿ ನಡೆಸಿದ, ಆಗ ನಾನು ಕುದುರೆ ಎತ್ತಿದೆ. ಇದು ಮುಖ್ಯ, ಸರಿಯಾಗಿ ವಿವರಿಸಬೇಕು. ಕುದುರೆ ನೇರ ಹೋಗುವುದಿಲ್ಲ. ಎರಡು ಮನೆ ಮುಂದೆ, ಒಂದು ಮನೆ ಪಕ್ಕಕ್ಕೆ ಹಾರುತ್ತದೆ. ಹಾಗೆ ಹಾರಿದಾಗ ಒಂದು ಕಡೆ ಎದುರಾಳಿಯ ರಾಜ, ಇನ್ನೊಂದು ಕಡೆ...

ತಡೆಯಿರಿ, ಹೊರಗೆ ಗುರುಗಳು ಕೂಗುತ್ತಿದ್ದಾರೆ.

"ಸಾಹೇಬ್ರ, ಬರದಿದ್ದು ಸಾಕ್ ಬರ್ರಿ! ಗಂಗಾವತಿ ಬಸ್ ನಿಲ್ಲಿಸೀನಿ. ಉಳಿದವ್ರೆಲ್ಲಾ ಹತ್ತ್ಯಾರ. ನಾಕನೇ ಕುರ್ಚಿಯಾವ್ರು ಇನ್ನೂ ಅಳಿಯಾಕ ಹತ್ತ್ಯಾರಂತ ಡ್ರೈವರಗ ಹೇಳ್ಲೇನು?"

ಬಂದೆ ಬಂದೆ. ಓದುಗರೇ, ಇನ್ನೊಂದು ಕಡೆ ಏನಿತ್ತು ಅಂದರೆ, ಆನೆ, ಮತ್ತು ಆನೆಯ ಹಿಂದೆ