ಹಾರಿಹೋಗದ ಕರ್ಪೂರ

ಕಲಿಸುವುದು ಕಷ್ಟದ ಕೆಲಸವೆಂದು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ. ಕಲಿಸಿದ್ದನ್ನೇ ಮತ್ತೊಮ್ಮೆ ಕಲಿಸುವುದು. ಮೊದಲ ಸಲ ಕಲಿಸುವಾಗ ಹುಡುಗರಿಗೆ ಏನೂ ಗೊತ್ತಿರುವುದಿಲ್ಲ, ಆದ್ದರಿಂದ ಪಾಪ, ಸುಮ್ಮನೆ ಕೇಳುತ್ತಾರೆ. ಎರಡನೆಯ ಸಲ ಅರ್ಧ ಗೊತ್ತಿರುತ್ತದೆ. ಆ ಅರ್ಧವನ್ನೇ ಹಿಡಿದುಕೊಂಡು ಮಾಸ್ತರನ ಮೇಲೆ ಏರಿ ಬರುತ್ತಾರೆ. ಇಲಾಖೆಯವರು ಇದಕ್ಕೆ ಪುನರಾವರ್ತನೆ ಎಂದು ಗಂಭೀರವಾದ ಹೆಸರಿಟ್ಟಿದ್ದಾರೆ. ಹೆಸರಿಟ್ಟವರು ಯಾರೂ ಅದನ್ನು ಮಾಡಿದವರಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತೊಂಬತ್ತರ ದಶಕದಲ್ಲಿ ನಾನು ಮನೋಳಿಯಿಂದ ಬಸ್ಸಿಗೆ ಅರ್ಧ ಗಂಟೆ ದೂರದ, ಮಲಪ್ರಭೆಯ ದಂಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಪ್ರತಿ ಫೆಬ್ರುವರಿಯಲ್ಲಿ ಹತ್ತನೆಯ ತರಗತಿಯವರಿಗೆ ದ್ರವ್ಯ ಮತ್ತು ಅದರ ಗುಣಗಳು ಎಂಬಲ್ಲಿಂದ ಶುರುಮಾಡಿದರೆ, ಮಾರ್ಚಿ ಬರುವ ಹೊತ್ತಿಗೆ ನನ್ನ ಗುಣಗಳೇ ಬದಲಾಗಿರುತ್ತಿದ್ದವು.

ತಪ್ಪೆಲ್ಲ ಹುಡುಗರದಲ್ಲ, ಪುಸ್ತಕದ್ದೂ ಇತ್ತು. ಮಂಜುಗಡ್ಡೆ ಕರಗಿ ನೀರಾಗುವುದು ಭೌತ ಬದಲಾವಣೆ ಎಂದು ಅದರಲ್ಲಿ ಬರೆದಿತ್ತು. ನಮ್ಮೂರಲ್ಲಿ ಆಗ ಮಂಜುಗಡ್ಡೆ ಇದ್ದದ್ದು ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬರುವ ಐಸ್‌ಕ್ಯಾಂಡಿಯವನ ಹತ್ತಿರ ಮಾತ್ರ. ಹಾಗಾಗಿ ಮಂಜುಗಡ್ಡೆಯ ಬಣ್ಣ ಯಾವುದು ಎಂದು ಕೇಳಿದರೆ ಅರ್ಧ ವರ್ಗ ಕೆಂಪು ಎಂದು ಬರೆಯಿತು, ಇನ್ನರ್ಧ ಕೇಸರಿ ಎಂದು ಬರೆಯಿತು. ಒಂದು ಕಿಲೋ ಹತ್ತಿ ಭಾರವೋ ಒಂದು ಕಿಲೋ ಕಬ್ಬಿಣ ಭಾರವೋ ಎಂಬ ಹಳೆಯ ಪ್ರಶ್ನೆಯನ್ನು ಎಲ್ಲ ಮಾಸ್ತರರೂ ಕೇಳುತ್ತಾರೆ, ಹುಡುಗರು ಕಬ್ಬಿಣ ಎನ್ನುತ್ತಾರೆ, ಮಾಸ್ತರರು ನಗುತ್ತಾರೆ. ನನಗೆ ಆ ಸುಖವೂ ಸಿಗಲಿಲ್ಲ. ಬಸವರಾಜ ಎಂಬ ಹುಡುಗನ ಮನೆಯವರು ವರ್ಷವೂ ಹತ್ತಿಯನ್ನು ಬೈಲಹೊಂಗಲದ ಪೇಟೆಗೆ ಒಯ್ಯುವವರು. ಅವನು ಎದ್ದು ನಿಂತು, ಹತ್ತಿ ಮುಂಜಾನೆ ತೂಗಿದ್ದೋ ಮಧ್ಯಾಹ್ನ ತೂಗಿದ್ದೋ ಎಂದು ಕೇಳಿದ. ಇಬ್ಬನಿ ಕುಡಿದ ಹತ್ತಿಗೂ ಬಿಸಿಲು ಕಂಡ ಹತ್ತಿಗೂ ತೂಕದಲ್ಲಿ ಬಹಳ ಫರಕು ಇದೆಯಂತೆ. ಇದಕ್ಕೆ ಪುಸ್ತಕದ ಹಿಂದೆ ಉತ್ತರ ಕೊಟ್ಟಿರಲಿಲ್ಲ. ಕೂತುಕೋ ಎಂದು ಹೇಳಿದೆ.

ಇವರೆಲ್ಲರಿಗಿಂತ ದೊಡ್ಡ ತ್ರಾಸ ಕಸ್ತೂರಿಯದು. ಅವಳ ಅಪ್ಪ ಊರಿನ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಮೊದಲ ಬೆಂಚಿನಲ್ಲಿ ಕೂತು, ನಾನು ಹೇಳಿದ್ದನ್ನೆಲ್ಲ ಅಚ್ಚುಕಟ್ಟಾಗಿ ಬರೆದುಕೊಳ್ಳುವ ಹುಡುಗಿ. ಹಾಗೆ ಬರೆದುಕೊಳ್ಳುವವರೇ ಅಪಾಯದವರು ಎಂಬುದು ನನಗೆ ತಡವಾಗಿ ಗೊತ್ತಾಯಿತು. ತಿರುಗಿ ಮೊದಲಿನಂತೆ ಆಗದಿರುವುದೇ ರಾಸಾಯನಿಕ ಬದಲಾವಣೆ ಎಂದು ಹಿಂದಿನ ವರ್ಷ ಯಾವುದೋ ಅವಸರದಲ್ಲಿ ನಾನು ಬರೆಸಿದ್ದೆನಂತೆ. ಅವಳು ಆ ಪುಟ ತೆಗೆದು ಎದ್ದು ನಿಂತಳು.

"ಸರ, ಬೀಸಿದ ಹಿಟ್ಟು ತಿರುಗಿ ಜೋಳ ಆಗಂಗಿಲ್ಲಲ್ಲರಿ. ಹಂಗಾರ ನಮ್ಮಪ್ಪ ದಿನಾ ಮಾಡೂದು ರಾಸಾಯನಿಕ ಬದಲಾವಣಿ ಏನ್ರಿ?"

ವರ್ಗವೆಲ್ಲ ಗಿರಣಿಯವನ ಈ ಬಡ್ತಿಯನ್ನು ಕೇಳಿ ಸಂತೋಷಪಟ್ಟಿತು. ನಾನು ಹಲಗೆ ಒರೆಸುತ್ತ ಬಹಳ ಹೊತ್ತು ನಿಂತೆ. ಹಲಗೆಯ ಮೇಲೆ ಏನೂ ಬರೆದಿರಲಿಲ್ಲ.

ಇಂಥ ಹೊತ್ತಿನಲ್ಲೇ ಹೆಡ್‌ಮಾಸ್ತರರು ನನ್ನನ್ನು ಕರೆದರು. ಬರುವ ಶನಿವಾರ ಬೆಳಗಾವಿಯಿಂದ ವಿಜ್ಞಾನದ ವಿಷಯ ಪರಿವೀಕ್ಷಕರು ಬಂದು ನನ್ನ ಪುನರಾವರ್ತನೆ ಪಾಠ ನೋಡುವವರಿದ್ದರು. ಹಿಂದಿನೆರಡು ವರ್ಷ ನನ್ನ ವಿಷಯದ ಫಲಿತಾಂಶ ಹೇಳಿಕೊಳ್ಳುವಂತಿರಲಿಲ್ಲ. ಈ ಸಲವೂ ಪರಿವೀಕ್ಷಕರು ಮೂಗು ಮುರಿದರೆ ಹತ್ತನೆಯ ವರ್ಗವನ್ನು ಕಿತ್ತೂರಿನ ಕಡೆಯಿಂದ ಹೊಸದಾಗಿ ಬಂದ ಮಾಸ್ತರರಿಗೆ ಕೊಟ್ಟು, ನನಗೆ ಎಂಟನೆಯ ವರ್ಗವನ್ನೂ ಶಾಲೆಯ ಕೈತೋಟವನ್ನೂ ವಹಿಸುವುದಾಗಿ ಹೆಡ್‌ಮಾಸ್ತರರು ಸಮಾಧಾನದಿಂದಲೇ ಹೇಳಿದರು. ಹತ್ತನೆಯ ವರ್ಗ ಹೋದ ಮಾಸ್ತರನಿಗೆ ಊರಲ್ಲಿ ಎಷ್ಟು ಮರ್ಯಾದೆ ಇರುತ್ತದೆಂದು ಹಳ್ಳಿಯ ಹೈಸ್ಕೂಲಿನಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಚಹದಂಗಡಿಯವನು ಕೂಡ ಕಪ್ಪನ್ನು ದೂರದಿಂದ ಇಡುತ್ತಾನೆ.

ಆಗ ಹೊಳೆದದ್ದು ಕರ್ಪೂರ. ಘನವಸ್ತು ದ್ರವವಾಗದೆ ನೇರವಾಗಿ ಅನಿಲವಾಗುವುದಕ್ಕೆ ಉತ್ಪತನ ಎನ್ನುತ್ತಾರೆ; ಅದಕ್ಕೆ ಪುಸ್ತಕದಲ್ಲಿ ಕರ್ಪೂರದ ಉದಾಹರಣೆ ಇತ್ತು. ಕರ್ಪೂರ ಪ್ರತಿ ಮನೆಯಲ್ಲೂ ಇರುವ ವಸ್ತು, ಇದಕ್ಕೆ ಕೇಸರಿ ಬಣ್ಣ ಬರೆಯಲು ಯಾರಿಗೂ ಸಾಧ್ಯವಿಲ್ಲ. ನನಗಂತೂ ಅದರ ಪರಿಚಯ ಚೆನ್ನಾಗಿಯೇ ಇತ್ತು, ಏಕೆಂದರೆ ನಮ್ಮ ಮನೆಯಲ್ಲಿ ನಿತ್ಯಪೂಜೆ ನನ್ನದು. ಈ ಮಾತಿಗೆ ಸಂಬಂಧವಿಲ್ಲದಿದ್ದರೂ ಹೇಳಿಬಿಡುತ್ತೇನೆ, ನಮ್ಮ ಮನೆಯ ಕರ್ಪೂರದ ಡಬ್ಬಿಯಲ್ಲಿ ದಿನವೂ ನಾಲ್ಕು ಮೆಣಸಿನ ಕಾಳು ಬಿದ್ದಿರುತ್ತಿದ್ದವು. ದೇವರ ಡಬ್ಬಿಗೂ ಒಗ್ಗರಣೆ ಡಬ್ಬಿಗೂ ಭೇದ ತಿಳಿಯದ ಹೆಂಡತಿಯನ್ನು ಕಟ್ಟಿಕೊಂಡೆನಲ್ಲ ಎಂದು ಗೊಣಗುತ್ತ, ನಾನು ಹನ್ನೆರಡು ವರ್ಷದಿಂದ ಅವನ್ನು ಆರಿಸಿ ತೆಗೆದು ಅಡುಗೆಮನೆಗೆ ಮುಟ್ಟಿಸುತ್ತಿದ್ದೆ. ಅವಳು ಏನೋ ಹೇಳಲು ಬಂದರೆ, ವಸ್ತುಗಳ ವಿಷಯ ನನಗೆ ಬಿಡು ಎನ್ನುತ್ತಿದ್ದೆ. ನಮ್ಮ ಮನೆಯ ಸಾರಿಗೆ ಒಂದು ಥರದ ಗುಡಿಯ ವಾಸನೆ ಇರುತ್ತಿತ್ತು. ಡಬ್ಬಿಯ ಕರ್ಪೂರವೋ ಎರಡು ವಾರ ಬಾಳುತ್ತಿರಲಿಲ್ಲ. ಯರಗಟ್ಟಿಯ ಅಂಗಡಿಯವನು ಹಲಕಾ ಮಾಲು ಕೊಡುತ್ತಾನೆಂದು ಅವನ ಜೊತೆ ಜಗಳಾಡಿ ಎರಡು ಸಲ ಬದಲಿಸಿಕೊಂಡು ಬಂದಿದ್ದೆ.

ಇರಲಿ. ಸೋಮವಾರ ನಮ್ಮ ಪ್ರಯೋಗಾಲಯದಲ್ಲಿ ಹತ್ತು ಗ್ರಾಂ ಕರ್ಪೂರವನ್ನು ತೂಗಿ, ಪುಡಿಮಾಡಿ, ಒಂದು ತಟ್ಟೆಯಲ್ಲಿ ಹರಡಿ ಕಿಟಕಿಯಲ್ಲಿ ಇಟ್ಟೆ. ಪ್ರಯೋಗಾಲಯವೆಂದರೆ ಅರ್ಧ ಕೋಣೆ. ಇನ್ನರ್ಧದಲ್ಲಿ ವಾಲಿಬಾಲ್ ಬಲೆ, ಕಾಲು ಮುರಿದ ಬೆಂಚುಗಳು ಮತ್ತು ಗಂಗವ್ವನ ಕಸಬರಿಗೆ ಇರುತ್ತಿದ್ದವು. ಗಂಗವ್ವ ನಮ್ಮ ಶಾಲೆಯ ಕಸಗುಡಿಸಿ, ನೀರು ತುಂಬಿ, ಗಂಟೆ ಬಾರಿಸುವ ಹಿರಿಯ ಹೆಂಗಸು. ದಿನಾ ಮುಂಜಾನೆ ತಟ್ಟೆಯನ್ನು ತೂಗುವುದು, ಕಂಡ ತೂಕವನ್ನು ಕಸ್ತೂರಿ ಬರೆದುಕೊಳ್ಳುವುದು, ಶನಿವಾರ ಪರಿವೀಕ್ಷಕರ ಎದುರು ಇಳಿದ ತೂಕವನ್ನು ತೋರಿಸಿ ಉತ್ಪತನವನ್ನು ಸಿದ್ಧಮಾಡುವುದು, ಇದು ನನ್ನ ಯೋಜನೆ. ಕಣ್ಣಿಗೆ ಕಂಡದ್ದನ್ನೇ ಬರೆಯಬೇಕು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ ಎಂದು ಅವಳಿಗೆ ಬಿಗಿಯಾಗಿ ಹೇಳಿದೆ.

ಮಂಗಳವಾರ ಒಂಬತ್ತು ಗ್ರಾಂ ಇತ್ತು. ನನಗೆ ಆದ ಆನಂದ ಅಷ್ಟಿಷ್ಟಲ್ಲ. ಹುಡುಗರ ಮನಸ್ಸಿಗೆ ನಾಟಲೆಂದು ನಾಟಕದವರ ಹಾಗೆ ಮುಖ ಬಾಡಿಸಿಕೊಂಡು, ಒಂದು ಗ್ರಾಂ ಎಲ್ಲಿ ಹೋಯಿತು, ಯಾರು ಒಯ್ದರು ಎಂದು ಮೂರು ಸಲ ದೊಡ್ಡ ದನಿಯಲ್ಲಿ ಕೇಳಿದೆ. ಹೊರಗೆ ಕಸಗುಡಿಸುವ ಸಪ್ಪಳ ಸ್ವಲ್ಪ ಹೊತ್ತು ನಿಂತಿತು.

ಬುಧವಾರ ತೂಗಿದರೆ ಮತ್ತೆ ಹತ್ತು. ತಕ್ಕಡಿ ಕೆಟ್ಟಿದೆಯೆಂದು ಅದರ ಎರಡೂ ತಟ್ಟೆ ತೊಳೆಸಿದೆ. ಗುರುವಾರ ತೂಗಿದರೆ ಹನ್ನೊಂದು. ಘನವಸ್ತು ಅನಿಲವಾಗುವುದನ್ನು ಕೇಳಿದ್ದೆ, ಗಾಳಿಯೇ ಬಂದು ಕರ್ಪೂರವಾಗುವುದನ್ನು ಎಲ್ಲೂ ಓದಿರಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ವರ್ಗವನ್ನೆಲ್ಲ ನಿಲ್ಲಿಸಿ, ಯಾರ ಕಿಡಿಗೇಡಿತನ ಇದು ಎಂದು ವಿಚಾರಿಸಿದೆ. ಬಸವರಾಜನನ್ನು ಎರಡು ಸಲ ವಿಚಾರಿಸಿದೆ. ಅವನು ಶಾಂತವಾಗಿ, ಇಬ್ಬನಿ ಕುಡಿದಿರಬಹುದು ನೋಡ್ರಿ ಎಂದ. ಗಂಗವ್ವನನ್ನು ಕೇಳಬೇಕೆಂದು ಮಾತ್ರ ನನಗೆ ಹೊಳೆಯಲಿಲ್ಲ. ವಿಜ್ಞಾನಕ್ಕೂ ಕಸಬರಿಗೆಗೂ ಏನು ಸಂಬಂಧ ಎಂದುಕೊಂಡಿದ್ದೆನೋ ಏನೋ.

ಶುಕ್ರವಾರವೂ ಹನ್ನೊಂದೇ ಇತ್ತು. ಮರುದಿನ ಪರಿವೀಕ್ಷಕರು ಬರುವವರು. ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪ್ರಕೃತಿ ತನ್ನ ಕೆಲಸ ಸರಿಯಾಗಿ ಮಾಡದಿದ್ದರೆ ಮಾಸ್ತರನಾದವನು ಕೈಕಟ್ಟಿ ಕೂರಬಾರದೆಂದು ನಿರ್ಧರಿಸಿ, ಐದು ಗ್ರಾಂ ಕರ್ಪೂರವನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಈಗ ಸರಿಯಾಗಿ ಆರು ಗ್ರಾಂ ಉಳಿಯಿತು. ಹಲಗೆಯ ಮೇಲೆ ಹತ್ತು, ಒಂಬತ್ತು, ಎಂಟು, ಏಳು, ಆರು ಎಂದು ಮೆಟ್ಟಿಲು ಇಳಿದಂತೆ ಚೆಂದವಾಗಿ ಬರೆದೆ. ಶನಿವಾರದ ಐದನ್ನು ಪರಿವೀಕ್ಷಕರ ಕೈಯಿಂದಲೇ ಬರೆಸುವ ಆಸೆಯಿತ್ತು. ಕಸ್ತೂರಿ ಅಷ್ಟರಲ್ಲಿ ಹೊರಗೆ ಹೋಗಿದ್ದಾಳೆಂದು ನಾನು ತಿಳಿದಿದ್ದೆ.

ಶನಿವಾರ ಪರಿವೀಕ್ಷಕರು ಹೇಳಿದ್ದಕ್ಕಿಂತ ಮೊದಲಿನ ಬಸ್ಸಿಗೇ ಬಂದುಬಿಟ್ಟರು. ತೆಳ್ಳಗಿನ, ಮೆತ್ತಗಿನ ದನಿಯ ಮನುಷ್ಯ. ನಾನು ಅವರ ಹಿಂದೆ ಓಡುತ್ತ ಒಳಗೆ ಬರುವಷ್ಟರಲ್ಲಿ ಅವರು ಹಲಗೆ ಓದಿ ಮುಗಿಸಿ, ಕಿಟಕಿಯ ತಟ್ಟೆಯ ಎದುರು ನಿಂತಿದ್ದರು. ತಟ್ಟೆಯಲ್ಲಿ ಕರ್ಪೂರ ರಾಶಿಯಾಗಿ ಬಿದ್ದಿತ್ತು. ಅವರೇ ತೂಗಿದರು. ಹದಿನೆಂಟು ಗ್ರಾಂ ಇತ್ತು. ಬಾಗಿಲಲ್ಲಿ ಹೆಡ್‌ಮಾಸ್ತರರು ನಿಂತಿದ್ದರು, ಅವರ ಮುಖದಲ್ಲಿ ನನಗೆ ಕೈತೋಟ ಕಾಣಿಸಿತು.

"ಏನ್ರಿ ಮಾಸ್ತರ, ನಿಮ್ಮ ಕರ್ಪೂರ ಮರಿ ಹಾಕೇತೇನು?" ಎಂದರು ಪರಿವೀಕ್ಷಕರು.

ಲೆಕ್ಕ ಬರೆದವರು ಯಾರು ಎಂದು ಕೇಳಿ ಕಸ್ತೂರಿಯ ನೋಟುಬುಕ್ಕನ್ನು ತೆಗೆದುಕೊಂಡು, ಹಲಗೆಯನ್ನೂ ಬುಕ್ಕನ್ನೂ ಪಕ್ಕಪಕ್ಕಕ್ಕೆ ನೋಡುತ್ತ ಓದಿದರು. ಬುಧವಾರ ಹತ್ತು, ಗುರುವಾರ ಹನ್ನೊಂದು ಎಂದಿತ್ತು. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ, "ಶುಕ್ರವಾರ, ಸರ್ ಕೈ ಹಾಕುವ ಮೊದಲು ಹನ್ನೊಂದು ಗ್ರಾಂ, ಸರ್ ಕೈ ಹಾಕಿದ ಮೇಲೆ ಆರು ಗ್ರಾಂ" ಎಂದು ಬರೆದಿತ್ತು. ಕಣ್ಣಿಗೆ ಕಂಡದ್ದು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಭೂಮಿ ಬಾಯಿ ತೆರೆಯಬಾರದೇ ಎಂದು ಹಿರಿಯರು ಹೇಳುತ್ತಿದ್ದುದು ಏಕೆಂದು ಅಂದು ತಿಳಿಯಿತು. ನನಗೆ ನಿಜವಾಗಿಯೂ ಅಳು ಬಂತು.

ತೂಕ ಏರಿದ್ದು ಹೇಗೆ ಎಂದು ಪರಿವೀಕ್ಷಕರು ವರ್ಗವನ್ನು ಕೇಳಿದರು. ಚಹದ ತಾಟು ಹಿಡಿದು ಹೆಡ್‌ಮಾಸ್ತರರ ಹಿಂದೆ ನಿಂತಿದ್ದ ಗಂಗವ್ವ ಮುಂದೆ ಬಂದಳು.

"ನಾನ ಹಾಕೇನ್ರಿ ಸಾಹೇಬರ. ಸರ ಪಾಪ, ಮೊನ್ನೆ ಮಂಗಳವಾರ ತೂಗಿ ನೋಡಿ ಎಲ್ಲಿ ಹೋತು ಎಲ್ಲಿ ಹೋತು ಅಂತ ಬಾಳ ಹಳಹಳಿಸಿದ್ರು. ಕರ್ಪೂರ ಬಿಚ್ಚಿಟ್ರ ಹಾರತೈತಿ ಅಂತ ಅವರಿಗೆ ಯಾರೂ ಹೇಳಿಲ್ಲ ಕಾಣತೈತಿ. ಓದಿದವರಿಗೆ ನಾ ಹೆಂಗ ಹೇಳ್ಲಿ? ಗುಡ್ಡದ ದೇವಿಗೆ ಒಯ್ಯಾಕಂತ ಎತ್ತಿಟ್ಟ ಕರ್ಪೂರ ಇತ್ತು, ದಿನಾ ಒಂದೀಟು ಹಾಕಿದ್ನಿ. ಇವತ್ತ ನೋಡಿದ್ರ ಅರ್ಧಕ್ಕ ಅರ್ಧಾ ಹೋಗಿತ್ತು. ಅದಕ್ಕ ಇದ್ದದ್ದೆಲ್ಲಾ ಹಾಕಿಬಿಟ್ಟೆ."

ಪರಿವೀಕ್ಷಕರು ಚಹದ ಕಪ್ಪು ಎತ್ತಿಕೊಂಡು, ಹಾರಬಾರದೆಂದರೆ ಏನು ಮಾಡಬೇಕಾಗಿತ್ತು ಎಂದು ಕೇಳಿದರು.

"ನಾಕು ಮೆಣಸಿನ ಕಾಳು ಹಾಕಬೇಕ್ರಿ. ಆದ್ರ ಕಾಳು ನೋಡಿದ್ರ ಸರ್‌ಗೆ ತಿಳಿದು ನಾಚಿಕಿ ಆದೀತಂತ ಬಿಟ್ಟೆ."

ಮೆಣಸು ಹಾಕುವುದು ಎಷ್ಟು ಜನರಿಗೆ ಗೊತ್ತು ಎಂದು ಪರಿವೀಕ್ಷಕರು ಹುಡುಗರ ಕಡೆ ತಿರುಗಿದರು. ಆ ವರ್ಷ ನನ್ನ ಯಾವ ಪ್ರಶ್ನೆಗೂ ಏಳದ ಕೈಗಳೆಲ್ಲ ಒಮ್ಮೆಲೇ ಎದ್ದವು. ಯಾಕೆ ಹಾಕುತ್ತಾರೆ ಎಂದದ್ದಕ್ಕೆ ಕಸ್ತೂರಿ, ಕರ್ಪೂರ ಬೆಲ್ಲದ ಹಾಗೆ ನೀರಾಗುವುದಿಲ್ಲ, ಇದ್ದಲ್ಲಿಂದಲೇ ಗಾಳಿಯಾಗಿ ಹೋಗುತ್ತದೆ, ತನ್ನ ಅಜ್ಜಿ ಡಬ್ಬಿ ತೆರೆದಾಗ ಪಡಸಾಲೆಯವರೆಗೂ ಬರುವ ವಾಸನೆ ಆ ಹಾರಿದ ಕರ್ಪೂರದ್ದೇ ಎಂದಳು. ಹಾಗಾದರೆ ಅದಕ್ಕೆ ಪುಸ್ತಕದಲ್ಲಿ ಏನನ್ನುತ್ತಾರೆ ಎಂದರೆ, ಹಿಂದಿನ ಬೆಂಚಿನಿಂದ ಬಸವರಾಜ ಉತ್ಪತನ ಎಂದ. ಅವನ ಬಾಯಲ್ಲಿ ಆ ಶಬ್ದ ಕೇಳಿ ನಾನು ಗೋಡೆ ಹಿಡಿದುಕೊಂಡೆ.

ಪರಿವೀಕ್ಷಕರನ್ನು ಮಧ್ಯಾಹ್ನದ ಬೆಳಗಾವಿ ಬಸ್ಸಿಗೆ ಹತ್ತಿಸಿ ಬಂದ ಮೇಲೆ ಹೆಡ್‌ಮಾಸ್ತರರು ನನ್ನನ್ನು ಕರೆದು, ಹತ್ತನೆಯ ವರ್ಗ ನಿಮ್ಮಲ್ಲೇ ಇರಲಿ ಎಂದು ಸಾಹೇಬರು ಹೇಳಿದ್ದಾರೆ ಎಂದರು. ನನಗೆ ಹೋದ ಜೀವ ಬಂದಂತಾಯಿತು. ನಾನು ಎದೆಯುಬ್ಬಿಸಿ ಹೊರಡುವಷ್ಟರಲ್ಲಿ ಅವರು ಮಾತು ಮುಗಿಸಿದರು.

"ಹುಡುಗರಿಗೆ ಎಲ್ಲಾ ಗೊತ್ತೈತಂತ, ಪಾಸಾಗತಾರಂತ. ಮಾಸ್ತರರಿಗೆ ಇನ್ನೊಂದು ವರ್ಷ ಪುನರಾವರ್ತನಿ ಆಗಲಿ ಅಂದ್ರು."

ಜೇಬಿನಲ್ಲಿ ಹಾರದೆ ಉಳಿದಿದ್ದ ಕರ್ಪೂರದ ಜೊತೆಗೆ ಇನ್ನೊಂದು ಪೊಟ್ಟಣ ಕೊಂಡು ಸೇರಿಸಿ ಗಂಗವ್ವನಿಗೆ ಕೊಟ್ಟೆ. ಅವಳು ಕೂಡಲೇ ಗಂಟು ಕಟ್ಟಿಕೊಂಡಳು. ಮೆಣಸು ತನ್ನ ಮನೆಯಲ್ಲಿದೆ, ನಾನು ಚಿಂತೆ ಮಾಡಬಾರದು ಎಂದಳು.

ಮರುದಿನ ರವಿವಾರ. ಪೂಜೆಗೆ ಕೂತು ಕರ್ಪೂರದ ಡಬ್ಬಿ ತೆರೆದೆ. ಎಂದಿನಂತೆ ನಾಲ್ಕು ಕಾಳು ಇದ್ದವು. ಕೈ ರೂಢಿಯಂತೆ ಒಂದನ್ನು ಆರಿಸಿ ತೆಗೆಯಿತು. ಅದನ್ನು ಸ್ವಲ್ಪ ಹೊತ್ತು ನೋಡಿ, ತಿರುಗಿ ಡಬ್ಬಿಯೊಳಗೆ ಹಾಕಿದೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಇವತ್ತು ಆರಿಸಲಿಲ್ಲವೇಕೆ ಎಂದು ಕೇಳಿದಳು. ನಾನು ಗಂಟಲು ಸರಿಮಾಡಿಕೊಂಡು, ಘನವಸ್ತು, ಅನಿಲ, ಉತ್ಪತನ ಎಂದು ಮೊದಲಿನಿಂದ ವಿವರಿಸಿದೆ. ಮಗ್ಗಿ ಒಪ್ಪಿಸುವ ಕೂಸಿನ ಮಾತನ್ನು ಕೇಳುವ ಹಾಗೆ ಅವಳು ಪೂರ್ತಿ ಕೇಳಿದಳು.

"ಅದನ್ನ ಹನ್ನೆರಡು ವರ್ಷದಿಂದ ದಿನಾ ನಾಕು ಕಾಳು ಹಾಕಿ ಹೇಳಾಕತ್ತೇನಲ್ಲರಿ" ಎಂದಳು.

ಕಲಿಸಿದ್ದನ್ನೇ ಮತ್ತೆ ಮತ್ತೆ ಕಲಿಸುವವರ ಸಂಕಟ ನನಗೆ ಚೆನ್ನಾಗಿ ಗೊತ್ತಿದ್ದುದರಿಂದ, ಕಾಳುಗಳ ಸಮೇತ ಡಬ್ಬಿ ಮುಚ್ಚಿದೆ.